ಒಂದೇ ಬೆರಳಲ್ಲಿ ತೋರಿಸಿದ ನೋವು

ನನ್ನ ಮಗಳು ಬ್ಯಾಲೆ ಕುಣಿಯುತ್ತಾಳೆ. ಬೆರಳ ತುದಿ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂಗೆ ರಿಬ್ಬನ್ ಹೊಲಿಯಲು ದಾರಕ್ಕಿಂತ ಡೆಂಟಲ್ ಫ್ಲಾಸ್ (ಹಲ್ಲಿನ ಸಂದಿ ಉಜ್ಜುವ ನೂಲು) ವಾಸಿ. ದಾರ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ, ಫ್ಲಾಸ್ ಬರುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ಡ್ಯಾನ್ಸ್ ಸ್ಟುಡಿಯೋದ ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಮೆರಿಕನ್ ಅಜ್ಜಿ. ನಾನು ಹಾಸನದ ಕಡೆಯವನು. ಕೆಲಸ ಸಾಫ್ಟ್‌ವೇರ್, ಮನೆ ನ್ಯೂಜೆರ್ಸಿಯಲ್ಲಿ. ಅಲ್ಲಿಯವರೆಗೂ ಶರ್ಟಿನ ಗುಂಡಿ ಕೂಡ ಹೊಲಿದವನಲ್ಲ. ಆಮೇಲೆ ಅರ್ಧ ಗಂಟೆಯಲ್ಲಿ ಒಂದು ಜೊತೆ ಶೂ ಮುಗಿಸುವಷ್ಟಾದೆ. ಶೂ ಹಿಮ್ಮಡಿಯನ್ನು ಒಳಕ್ಕೆ ಮಡಚಿ, ಮಡಿಕೆ ಎಲ್ಲಿ ಬೀಳುತ್ತದೋ ಅಲ್ಲಿ ರಿಬ್ಬನ್ ಕೂರಿಸಬೇಕು. ಅಂಚಿನಲ್ಲಿ ಓಡುವ ಲಾಡಿಗೆ ಸೂಜಿ ತಾಗಬಾರದು. ತಾಗಿದರೆ ಆಮೇಲೆ ಲಾಡಿ ಬಿಗಿಯಲು ಆಗುವುದಿಲ್ಲ.

ಆ ಶೂ ತುದಿಯಲ್ಲಿ ಮರದ ತುಂಡು ಇರುತ್ತದೆ ಅಂತ ನಮ್ಮಮ್ಮ ಇವತ್ತಿಗೂ ನಂಬಿದ್ದಾರೆ. ಮರ ಅಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಗಟ್ಟಿ ಮಾಡಿರುತ್ತಾರೆ. ಬೆವರಿಗೆ ಅದು ಮೆತ್ತಗಾಗುತ್ತದೆ. ಮೆತ್ತಗಾದರೆ ಬೆರಳಿಗೆ ಆಸರೆ ಇಲ್ಲ, ಶೂ ಕಸದ ಬುಟ್ಟಿಗೆ. ಒಂದು ಜೊತೆಗೆ ನೂರು ಡಾಲರಿನ ಮೇಲೆ. ಮಗಳು ವಾರಕ್ಕೆ 18 ಗಂಟೆ ಅಭ್ಯಾಸ ಮಾಡುತ್ತಿದ್ದಾಗ ಒಂದು ಜೊತೆ ತಿಂಗಳು ಬಂದರೆ ನಮ್ಮ ಪುಣ್ಯ.

ಬ್ಯಾಲೆ ನಾವು ಆರಿಸಿದ್ದಲ್ಲ. ಮಗಳು ಆರು ವರ್ಷದವಳಿದ್ದಾಗ ಹೆಂಡತಿ ಅವಳನ್ನು ಭರತನಾಟ್ಯಕ್ಕೆ ಸೇರಿಸಿದ್ದಳು. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಬ್ಯಾಲೆ ನಡೆಯುತ್ತಿತ್ತು. ಇವಳು ಹೋಗಿ ಆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎರಡು ವರ್ಷ ಎರಡನ್ನೂ ಮಾಡಿದಳು. ಅರೆಮಂಡಿ ಕೂತ ಅಭ್ಯಾಸ ಬ್ಯಾಲೆಯಲ್ಲಿ ಸೊಂಟದಿಂದ ಕಾಲನ್ನು ಹೊರಕ್ಕೆ ತಿರುಗಿಸಲು ಸಹಾಯಕ್ಕೆ ಬಂತು. ಆದರೆ ನಮ್ಮಲ್ಲಿ ನೆಲಕ್ಕೆ ಕಾಲು ತಟ್ಟುತ್ತಾರೆ, ಅಲ್ಲಿ ನೆಲ ಬಿಟ್ಟು ಏಳಬೇಕು. ಅವಳಿಗೆ ಏಳುವುದು ಹಿಡಿಸಿತು. ಗೆಜ್ಜೆ ಪೂಜೆ ನೋಡಬೇಕು ಅಂತಿದ್ದ ನಮ್ಮಮ್ಮನಿಗೆ ಸ್ವಲ್ಪ ಬೇಜಾರಾಯಿತು. "ಮಗೂನ ಬೆರಳ ತುದಿ ಮೇಲೆ ಯಾಕೋ ನಿಲ್ಲಿಸ್ತೀಯಾ" ಅಂತ ಫೋನಿನಲ್ಲಿ ಬೈದರು. ಹನ್ನೆರಡಾಗುವವರೆಗೆ ಟೀಚರ್ ಕೂಡ ನಿಲ್ಲಿಸಲಿಲ್ಲ. ಜೊತೆಯ ಇಬ್ಬರು ಹುಡುಗಿಯರು ಬೇರೆ ಕಡೆ ಹೋಗಿ ಒಂದು ವರ್ಷ ಮೊದಲೇ ಪಾಯಿಂಟ್ ಶೂ ಹಾಕಿಕೊಂಡರು. ಆಗ ಟೀಚರ್ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಅವರಿಗೆ ಕೈ ಮುಗಿಯುತ್ತೇನೆ.

ಇನ್ನೊಂದು ವಿಷಯ. ಶೂ, ಕಾಲುಚೀಲ ಎಲ್ಲ ತಿಳಿ ಗುಲಾಬಿ. ಅದು ಯಾರ ಚರ್ಮದ ಬಣ್ಣ ಅಂತ ನೋಡಿದರೇ ಗೊತ್ತಾಗುತ್ತದೆ. ಲಂಡನ್ನಿನ ಫ್ರೀಡ್ ಕಂಪನಿ ಕಂದು ಬಣ್ಣದ ಪಾಯಿಂಟ್ ಶೂ ತಂದಿದ್ದೇ 2018ರಲ್ಲಿ. ಮಗಳಿಗೆ ಕೂರುವ ಬ್ರ್ಯಾಂಡಿನಲ್ಲಿ ಆ ಬಣ್ಣ ಸಿಗಲಿಲ್ಲ. ಹಾಗಾಗಿ ಸ್ಪಂಜಿನಲ್ಲಿ ಫೌಂಡೇಶನ್ ಹಚ್ಚಿ ಶೂಗೇ ಬಣ್ಣ ಬಳಿಯುತ್ತೇವೆ. ಹೆಂಡತಿಯ ಫೌಂಡೇಶನ್ ಬಾಟಲಿ ಅವಳ ಮುಖಕ್ಕಿಂತ ಶೂಗೇ ಜಾಸ್ತಿ ಖರ್ಚಾಗಿದೆ.

ಹದಿಮೂರಕ್ಕೆ ಸ್ಪರ್ಧೆ ಶುರುವಾಯಿತು. ಇಲ್ಲಿ ದೊಡ್ಡದು ಯೂತ್ ಅಮೆರಿಕ ಗ್ರಾಂಡ್ ಪ್ರಿ, 1999ರಿಂದ ನಡೆಯುತ್ತಿದೆ. 12ರಿಂದ 14 ವಯಸ್ಸಿನವರು ಜೂನಿಯರ್. ಊರೂರಲ್ಲಿ ಮೊದಲ ಸುತ್ತು, ಆಮೇಲೆ ಫೈನಲ್. ಮೆಡಲ್ ನೆಪ ಅಷ್ಟೇ. ಒಳ್ಳೊಳ್ಳೆಯ ಬ್ಯಾಲೆ ಶಾಲೆಯವರು ಬಂದು ನೋಡುತ್ತಾರೆ, ಸ್ಕಾಲರ್‌ಶಿಪ್ ಕೊಡುತ್ತಾರೆ. ಹೆಚ್ಚಿನವರು ಬರುವುದು ಅದಕ್ಕೆ.

ಟೀಚರ್ ಮೊದಲು ಸೂಚಿಸಿದ್ದು 'ಲಾ ಬಯಾದೇರ್' ಬ್ಯಾಲೆಯಲ್ಲಿ ರಾಜನ ಮಗಳು ಗಮ್ಜಾತಿಯ ತುಣುಕು. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೆತಿಪಾ ಎಂಬ ನೃತ್ಯ ನಿರ್ದೇಶಕ ಮಾಡಿದ್ದು, ಕಥೆ ನಡೆಯುವುದು ಭಾರತದಲ್ಲಿ. ವಿಡಿಯೋ ನೋಡಿದ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪ, ನಮ್ಮ ಕಡೆ ರಾಜನ ಮಗಳು ಟೂಟೂ ಹಾಕ್ಕೋತಿದ್ಲಾ?" ಟೂಟೂ ಅಂದರೆ ಬ್ಯಾಲೆಯವರು ಹಾಕುವ ಗರಿಗರಿ ಲಂಗ. ಕೊನೆಗೆ 'ಡಾನ್ ಕಿಹೋಟೆ' ಬ್ಯಾಲೆಯ ಕ್ಯುಪಿಡ್ ಪಾತ್ರದ ತುಣುಕು ಆರಿಸಿಕೊಂಡರು. ಎರಡು ನಿಮಿಷವೂ ಇಲ್ಲದ ಕುಣಿತ. ಅದಕ್ಕೆ ಐದು ತಿಂಗಳು ತಯಾರಿ, ವಾರಕ್ಕೊಂದು ಗಂಟೆ ಬೇರೆ ಟ್ಯೂಷನ್, ಬಾಡಿಗೆ ಡ್ರೆಸ್, ಹೋಟೆಲ್.

ನಾನು ಹಾಳು ಮಾಡಿದ್ದು ಕಾರಿನಲ್ಲಿ. ಯೂಟ್ಯೂಬ್ ನೋಡಿ ಅರ್ಧಂಬರ್ಧ ಕಲಿತಿದ್ದೆನಲ್ಲ, ವಾಪಸ್ ಬರುವಾಗ "ಕೊನೇಲಿ ಸುತ್ತೋವಾಗ ಮೊಣಕಾಲು ಸ್ವಲ್ಪ..." ಅಂತ ಶುರು ಮಾಡುತ್ತಿದ್ದೆ. ಅವಳು ಸ್ವೆಟರಿನ ಟೋಪಿ ಎಳೆದುಕೊಂಡು ಕಿಟಕಿ ಕಡೆ ತಿರುಗುತ್ತಿದ್ದಳು. ಒಂದು ದಿನ ಹೆಂಡತಿ ಹೇಳಿದಳು: "ರೀ, ನಿಮಗೆ ಅದರ ಹೆಸರು ಹೇಳೋಕೇ ಬರಲ್ಲ. ಸುಮ್ನೆ ಗಾಡಿ ಓಡ್ಸಿ." ಅವತ್ತಿನಿಂದ ಕಾರಿನಲ್ಲಿ ನನಗೆ ಒಂದೇ ಮಾತಿಗೆ ಪರ್ಮಿಷನ್, "ಹಸಿವಾ?". ಮೂರು ವಾರದಲ್ಲಿ ಅವಳಾಗಿಯೇ ಮಾತಾಡಲು ಶುರು ಮಾಡಿದಳು.

ಮೊದಲ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ, ಆದರೆ ಚೆನ್ನಾಗಿ ಮಾಡಿದಳು. ನೆನಪಿರುವುದು ಬೆಳಗಿನ ನಾಲ್ಕೂವರೆಗೆ ಹೋಟೆಲ್ ಬಾತ್‌ರೂಮಿನಲ್ಲಿ ತುರುಬು ಕಟ್ಟಿದ್ದು. ನೀರು, ಜೆಲ್, ಬಲೆ, ಆಮೇಲೆ ಪಿನ್ನು. ಎಣಿಸಿದೆ, ಇಪ್ಪತ್ತಾರು.

ಮುಂದಿನ ವರ್ಷದ ಫೆಬ್ರುವರಿಯಲ್ಲಿ ಬಲಗಾಲು ನೋವು ಅಂದಳು. ಎಲ್ಲಿ ಅಂದೆ. ಪಾದದ ಮೇಲೆ, ಎರಡನೇ ಬೆರಳಿನ ಹಿಂದೆ, ಒಂದೇ ಒಂದು ಜಾಗಕ್ಕೆ ಬೆರಳಿಟ್ಟಳು. "ಇಲ್ಲೇ, ಇಷ್ಟೇ." ಇಷ್ಟೇನಾ ಅಂತ ನನಗೆ ಸಮಾಧಾನವಾಯಿತು! ಊರಿಂದ ತಂದ ಅಮೃತಾಂಜನ ಹಚ್ಚಿದೆ, ಐಸ್ ಇಟ್ಟೆ. ಸ್ಪರ್ಧೆಗೆ ಮೂರು ವಾರ ಇತ್ತು, ದುಡ್ಡು ಕಟ್ಟಿಯಾಗಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ ಅಂದರು. ಅದನ್ನೇ ಪರ್ಮಿಷನ್ ಅಂದುಕೊಂಡು ಇನ್ನೂ ಹತ್ತು ದಿನ ಕುಣಿಸಿದೆವು. ಕುಣಿಸಿದೆವು ಅನ್ನುವುದೇ ಸರಿ. ಒಂದು ರಾತ್ರಿ ಅವಳು ಗೋಡೆ ಹಿಡಿದು ಕುಂಟುತ್ತಾ ಬಾತ್‌ರೂಮಿಗೆ ಹೋಗುವುದನ್ನು ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಕ್ರೀಡಾಗಾಯಗಳ ಡಾಕ್ಟರ ಹತ್ತಿರ ಹೋದೆವು. ಅವರು ಅದೇ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದರು. ಕಾಲು ಝಾಡಿಸಿದಳು. ಎಂಆರ್‌ಐನಲ್ಲಿ ಎರಡನೇ ಬೆರಳಿನ ಹಿಂದಿನ ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಸ್ಟ್ರೆಸ್ ಫ್ರ್ಯಾಕ್ಚರ್. ಬಿದ್ದು ಮುರಿದದ್ದಲ್ಲ, ಸವೆದು ಸವೆದು ಬಿಟ್ಟಿದ್ದು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲವಂತೆ. ಬ್ಯಾಲೆಯವರಿಗೆ ಇದೇ ಮೂಳೆ ಯಾಕೆ ಅಂದೆ. ಅದರ ಬುಡ ಅಕ್ಕಪಕ್ಕದ ಮೂಳೆಗಳ ಮಧ್ಯೆ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ, ಅಲುಗಾಡಲು ಜಾಗವಿಲ್ಲ, ಭಾರವೆಲ್ಲ ಅಲ್ಲೇ ಬೀಳುತ್ತದೆ ಅಂದರು. ಮಾಂಸಖಂಡದ ನೋವು ಸಾಮಾನ್ಯವಾಗಿ ಅಂಗೈ ಅಗಲ ಹರಡಿರುತ್ತದೆ. ಒಂದೇ ಬೆರಳಲ್ಲಿ ತೋರಿಸಬಹುದಾದ ನೋವು ಮೂಳೆಯ ಮೇಲಿದ್ದರೆ ಕುಣಿತ ನಿಲ್ಲಿಸಿ ತಕ್ಷಣ ಕರೆದುಕೊಂಡು ಬನ್ನಿ ಅಂತಲೂ ಹೇಳಿದರು. ಅವಳು ನನಗೆ ತೋರಿಸಿದ್ದು ಹಾಗೇ ಅಲ್ವಾ?

ಆಮೇಲೆ ಡಾಕ್ಟರು ನನ್ನನ್ನು ಐದು ನಿಮಿಷ ಹೊರಗೆ ಕೂರಿ ಅಂದರು. ಮುಟ್ಟು ಸರಿಯಾಗಿ ಆಗುತ್ತಿದೆಯಾ, ಏನು ತಿನ್ನುತ್ತೀಯಾ, ಎಷ್ಟು ನಿದ್ದೆ ಅಂತೆಲ್ಲ ಕೇಳಿದರಂತೆ. ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. ಹೆಂಡತಿ ವಯಸ್ಸು ಚಿಕ್ಕದು, ಏರುಪೇರು ಸಹಜ ಅಂದುಕೊಂಡಿದ್ದಳು. ನನಗೆ ಗೊತ್ತೇ ಇರಲಿಲ್ಲ. ದೇಹಕ್ಕೆ ಹೋಗುವ ಊಟಕ್ಕಿಂತ ಖರ್ಚಾಗುವ ಶಕ್ತಿ ಜಾಸ್ತಿಯಾದರೆ ಮುಟ್ಟು ನಿಲ್ಲಬಹುದು, ಮೂಳೆಯೂ ಸೊರಗಬಹುದು. ಮಗಳು ತೆಳ್ಳಗಾಗಬೇಕು ಅಂತ ಉಪವಾಸ ಇದ್ದವಳಲ್ಲ. ಸ್ಕೂಲ್ ಬಿಡುವುದು ಮೂರಕ್ಕೆ, ಕ್ಲಾಸ್ ನಾಲ್ಕಕ್ಕೆ. ತಿನ್ನಲು ಟೈಮೇ ಇರಲಿಲ್ಲ, ಅಷ್ಟೇ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕೂಡ ತುಂಬಾ ಕಡಿಮೆ ಇತ್ತು.

ಅಲ್ಲಿಂದ ಕಾರಿನಲ್ಲಿ ಎರಡನೇ ಡಬ್ಬಿ ಶುರುವಾಯಿತು. ಚಿತ್ರಾನ್ನ, ಮೊಸರನ್ನ, ಕಡಲೆಬೀಜದ ಉಂಡೆ, ಹಾಲು ಬೆಲ್ಲ ಹಾಕಿ ಕಲಸಿದ ರಾಗಿ ಹುರಿಹಿಟ್ಟು. ರಾಗಿ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತ ನಮ್ಮಮ್ಮ. ಲೆಕ್ಕ ಹಾಕಿ ನೋಡಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ, ಈ ವಯಸ್ಸಿಗೆ ಇಲ್ಲಿಯವರು ಹೇಳುವುದು ದಿನಕ್ಕೆ 1300. ಹಾಲು, ಮೊಸರು ಇಲ್ಲದೆ ರಾಗಿಯೊಂದರಿಂದಲೇ ತುಂಬಿಸಲು ಆಗುವುದಿಲ್ಲ.

ಆರು ವಾರ ಕಾಲಿಗೆ ದಪ್ಪ ಬೂಟು. ಸ್ಪರ್ಧೆ ಬಿಟ್ಟೆವು, ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ರಿಪೋರ್ಟ್ ನೋಡಿದಾಗ ಮಗಳು ಅಳಲಿಲ್ಲ. ಸ್ಟುಡಿಯೋ ಗೋಡೆಯ ಪಟ್ಟಿಯಲ್ಲಿ ತನ್ನ ಹೆಸರು ಇಲ್ಲದ್ದು ನೋಡಿ ಅತ್ತಳು. ಟೀಚರ್ ಬುದ್ಧಿವಂತೆ. ವಾರಕ್ಕೆ ಮೂರು ದಿನ ಬಾ, ಮೂಲೆಯಲ್ಲಿ ಕೂತು ಬೇರೆಯವರ ತಪ್ಪು ಬರೆದುಕೋ ಅಂದರು. ಚಾಪೆ ಮೇಲೆ ಮಲಗಿಯೇ ಮಾಡುವ ವ್ಯಾಯಾಮ ಕೊಟ್ಟರು. ಕೆಲವು ದಿನ ಹೋಗಲ್ಲ ಅನ್ನುತ್ತಿದ್ದಳು. ಬಿಟ್ಟೆವು. ಆ ದಿನಗಳಲ್ಲಿ ಅಜ್ಜಿಯ ಜೊತೆ ವಿಡಿಯೋ ಕಾಲಿನಲ್ಲಿ ಕನ್ನಡ ಧಾರಾವಾಹಿ. ಅದರ ಅತ್ತೆ ಸೊಸೆಯರ ಜಗಳ ಈಗ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ವಾಪಸ್ ಬರುವುದು ನಿಧಾನ. ಮೊದಲು ಬರಿ ನಡಿಗೆ. ಆಮೇಲೆ ಮೆತ್ತನೆ ಶೂನಲ್ಲಿ ಕಂಬಿ ಹಿಡಿದು. ಒಂಟಿ ಕಾಲಲ್ಲಿ ಇಪ್ಪತ್ತೈದು ಸಲ ಹಿಮ್ಮಡಿ ಎತ್ತಿ ಇಳಿಸಿದ ಮೇಲೆ ಚಿಕ್ಕ ಜಿಗಿತ. ಎಲ್ಲಕ್ಕಿಂತ ಕೊನೆಗೆ ಪಾಯಿಂಟ್, ಅದೂ ಹತ್ತೇ ನಿಮಿಷ. ಮಾರನೇ ಬೆಳಿಗ್ಗೆ ನೋವಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ. ಎರಡು ಸಲ ಹಿಂದಕ್ಕೆ ಹೋದೆವು. ಎಲ್ಲ ಸೇರಿ ನಾಲ್ಕು ತಿಂಗಳು ಮೀರಿತು.

ಅಷ್ಟರಲ್ಲಿ ಅವಳ ಪಾದ ಅರ್ಧ ಸೈಜ್ ಬೆಳೆದಿತ್ತು. ಸ್ಪರ್ಧೆಗೆ ಅಂತ ನಾನು ಹೊಲಿದಿಟ್ಟ ಶೂ ಹಾಗೇ ಹೊಸದಾಗಿ ಉಳಿಯಿತು. ಹೊಸ ಜೊತೆ ತಂದ ದಿನ ಫ್ಲಾಸ್ ಡಬ್ಬಿ ತೆಗೆದುಕೊಂಡು ಡೈನಿಂಗ್ ಟೇಬಲ್ ಹತ್ತಿರ ಕೂತೆ. ಮಗಳು ಬಂದು ನನ್ನ ಕೈಯಿಂದ ಸೂಜಿ ಕಿತ್ತುಕೊಂಡಳು.

"ನೀನು ಹಾಕೋ ಗಂಟು ಒಳಗೆ ಚುಚ್ಚತ್ತೆ ಅಪ್ಪ. ಎರಡು ವರ್ಷದಿಂದ ಚುಚ್ತಿದೆ."

"ಮತ್ತೆ ಹೇಳ್ಬಾರ್ದಿತ್ತಾ?"

"ಇವಾಗ ಹೇಳ್ದೆ ಅಲ್ವಾ."

ಈಗ ಹೊಲಿಗೆಯೆಲ್ಲ ಅವಳದೇ. ರಿಬ್ಬನ್ ಎಳೆ ಬಿಡದ ಹಾಗೆ ಅದರ ತುದಿಯನ್ನು ಲೈಟರಿನಲ್ಲಿ ಸುಡುವ ಕೆಲಸ ಮಾತ್ರ ನನಗೆ ಉಳಿದಿದೆ.