ಪಂಚಾಯಿತಿಗೊಂದು ಬರೆ ಕುಸಿತದ ನಕ್ಷೆ: ಮಾಡುವುದು ಹೇಗೆ?

2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮರುವರ್ಷ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಎಲ್ಲವೂ ಆಗಸ್ಟ್ ಮಳೆಗೆ ಕುಸಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆ ಇದೆಯಲ್ಲ ಎನ್ನಬಹುದು. ಅದರ ಅಳತೆ 1:50,000. ಕಾಗದದ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 50 ಮೀಟರ್. ತಾಲ್ಲೂಕಿನ ಯೋಜನೆಗೆ ಅದು ಸಾಕು. ಯಾವ ಲೈನ್ ಮನೆಯವರನ್ನು (ತೋಟದ ಕಾರ್ಮಿಕರ ಸಾಲುಮನೆ) ಮಳೆಗೆ ಮುಂಚೆ ಕಳಿಸಬೇಕು ಎಂದು ತೀರ್ಮಾನಿಸಲು ಸಾಲದು. ಬರೆ, ಅಂದರೆ ಕಡಿದಾದ ಮಣ್ಣಿನ ಏರಿ, ಎಲ್ಲಿ ಕುಸಿಯಬಹುದು ಎಂದು ತೋರಿಸುವ ನಕ್ಷೆಯನ್ನು ಪಂಚಾಯಿತಿಯೇ ಮಾಡಿಕೊಳ್ಳಬೇಕು. ಸಾಧಾರಣ ಲ್ಯಾಪ್‌ಟಾಪ್, ನಕ್ಷೆ ಮಾಡುವ ಉಚಿತ ಕ್ಯೂಜಿಐಎಸ್ ತಂತ್ರಾಂಶ, ಫೋನ್, ಅಳತೆ ಟೇಪು ಇದ್ದರಾಯಿತು.

ಮೊದಲು ನೆಲದ ಎತ್ತರದ ದತ್ತಾಂಶ. ಇಸ್ರೋದ ಕಾರ್ಟೋಡೆಮ್ 30 ಮೀಟರ್ ಚೌಕಗಳಲ್ಲಿ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡ ಕೂಡಲೇ ಇಳಿಜಾರು ಲೆಕ್ಕ ಹಾಕಬೇಡಿ. ಅದರಲ್ಲಿ ದೂರ ಡಿಗ್ರಿಯಲ್ಲಿ, ಎತ್ತರ ಮೀಟರ್‌ನಲ್ಲಿ ಇರುವುದರಿಂದ ಗದ್ದೆ ಬಯಲೂ 90 ಡಿಗ್ರಿಯ ಗೋಡೆಯಂತೆ ಬಂದುಬಿಡಬಹುದು. ಮೊದಲು ದೂರವನ್ನೂ ಮೀಟರ್‌ನಲ್ಲೇ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಬದಲಿಸಿ. ಬದಲಿಸುವಾಗ ಅಕ್ಕಪಕ್ಕದ ಚೌಕಗಳ ಸರಾಸರಿ ಹಿಡಿಯುವ ‘ಬೈಲೀನಿಯರ್’ ಆಯ್ದುಕೊಳ್ಳಿ, ಇಲ್ಲದಿದ್ದರೆ ಇಳಿಜಾರಿನ ನಕ್ಷೆಯಲ್ಲಿ ಪಟ್ಟೆಗಳು ಏಳುತ್ತವೆ. ಇಳಿಜಾರು ಲೆಕ್ಕ ಹಾಕುವ ‘ಸ್ಲೋಪ್’ ಆಮೇಲೆ.

ಹಳೆಯ ಕುಸಿತಗಳನ್ನು ಗುರುತಿಸಲು ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳು ಸಾಕು. ಮಳೆಗಾಲದ ಚಿತ್ರದಲ್ಲಿ ಮೋಡವೇ ಕಾಣುವುದು. 2018ರ ಜನವರಿಯದನ್ನು 2019ರ ಜನವರಿಯದರ ಪಕ್ಕ ಇಟ್ಟು ನೋಡಿ. ಹೊಸದಾಗಿ ಕೆಂಪಾಗಿ ಕಂಡದ್ದೆಲ್ಲ ಕುಸಿತವಲ್ಲ. ಮರುನಾಟಿಗೆ ಬೋಳಿಸಿದ ಕಾಫಿ ತೋಟವೂ ಹಾಗೇ ಕಾಣುತ್ತದೆ.

ಇಷ್ಟು ಮಾಡಿ ನಿಲ್ಲಿಸುವವರೇ ಹೆಚ್ಚು. ಆದರೆ ಮನೆ, ಹೋಂಸ್ಟೇ ಕಟ್ಟಲು ಜೆಸಿಬಿಯಲ್ಲಿ ಕಡಿದ ಐದು ಮೀಟರ್ ಬರೆ 30 ಮೀಟರ್ ಚೌಕದೊಳಗೆ ಕರಗಿಹೋಗುತ್ತದೆ. ಸಿಲ್ವರ್ ಓಕ್ ದಟ್ಟವಾಗಿರುವಲ್ಲಿ ಉಪಗ್ರಹ ಅಳೆದದ್ದು ಮರದ ತುದಿಯನ್ನೇ ಇರಬಹುದು. ಆದ್ದರಿಂದ ಏಪ್ರಿಲ್-ಮೇ ತಿಂಗಳಲ್ಲಿ ನಡೆದೇ ನೋಡಬೇಕು. ಪ್ರತಿ ಬರೆಯ ಎತ್ತರ, ಬುಡದಿಂದ ಗೋಡೆಗಿರುವ ದೂರ, ನೆತ್ತಿಯ ಮೇಲಿನ ಬಿರುಕು, ವಾಲಿದ ಮರ, ಮಣ್ಣು ಹಾಕಿ ಮುಚ್ಚಿದ ತೋಡು (ಸಣ್ಣ ಹಳ್ಳ) ಇವಿಷ್ಟನ್ನೂ ಬರೆದುಕೊಳ್ಳಿ. ಮುಚ್ಚಿದ ತೋಡನ್ನು ಬಿಡಲೇಬೇಡಿ: ಹರಿಯಲು ದಾರಿಯಿಲ್ಲದ ನೀರು ಮಣ್ಣಿನೊಳಗೆ ಇಳಿದು ಬರೆಯನ್ನು ಒಳಗಿನಿಂದ ತಳ್ಳುತ್ತದೆ. ಮರದಡಿ ಫೋನಿನ ಜಿಪಿಎಸ್ ಹತ್ತು ಮೀಟರ್‌ಗೂ ಹೆಚ್ಚು ತಪ್ಪಬಹುದು. ಅಂಗಳಕ್ಕೆ ಬಂದು, ಅಂಕಿ ನಿಲ್ಲುವವರೆಗೆ ಕಾದು ಗುರುತು ಹಾಕಿ. ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಒಳ್ಳೆಯದೇ. ಅದರ ಗೆರೆ ನೋಡಿ ಬಾಣೆ (ಗದ್ದೆಗೆ ಸೇರಿದ ಜಮೀನು) ಯಾವುದು, ಪೈಸಾರಿ (ಸರ್ಕಾರಿ ಜಮೀನು) ಯಾವುದು ಎಂದು ಮಾತ್ರ ತೀರ್ಪು ಕೊಡಬೇಡಿ, ಅದು ಸರ್ವೆಯರ್ ಕೆಲಸ.

ಕೊನೆಗೆ ಇಳಿಜಾರು, ಹಳೆಯ ಕುಸಿತ, ಬರೆ, ಮನೆ ಎಲ್ಲವನ್ನೂ ಒಂದರ ಮೇಲೊಂದು ಹಾಕಿ. ಆರೇಳು ಅಂಶಗಳಿಗೆ ಅಂಕ ಕೊಟ್ಟು ಕೂಡಿಸುವ ಸೂತ್ರ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಗ್ರಾಮಸಭೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಬಿರುಕು ಬಿಟ್ಟ ಬರೆ, ಅದರ ಎತ್ತರಕ್ಕಿಂತ ಹತ್ತಿರದಲ್ಲಿ ಮನೆ ಇದ್ದರೆ ಕೆಂಪು ಎಂಬಂಥ ನೇರ ನಿಯಮ ಸಾಕು. ಕೆಂಪು ಮನೆಗಳ ಪಟ್ಟಿ ವಾರ್ಡ್‌ವಾರು ಪಿಡಿಒ ಕೈಗೆ ಮೇ ಕೊನೆಯೊಳಗೆ ಸಿಗಲಿ. ನಕ್ಷೆಯ ಮೂಲೆಯಲ್ಲಿ ಸಮೀಕ್ಷೆಯ ತಿಂಗಳು, ವರ್ಷ ನಮೂದಿಸಿ; ಆಮೇಲೆ ಕಡಿದ ಬರೆಗಳು ಅದರಲ್ಲಿಲ್ಲ ಎಂಬುದು ಓದುವವರಿಗೆ ತಿಳಿಯಬೇಕು.