ನಮ್ಮ ಸಭೆಯ ಹೆಸರನ್ನು ಸರಿಯಾಗಿ ಬರೆಯಲು ತಗುಲಿದ ಎರಡು ವರ್ಷ

ಬಾಗಲಕೋಟೆಯ ನವನಗರದಲ್ಲಿ ನಾನು ಡಿಟಿಪಿ ಮತ್ತು ಮುದ್ರಣದ ಸಣ್ಣ ಅಂಗಡಿಯೊಂದನ್ನು ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ ನನ್ನ ದಿನನಿತ್ಯದ ಕೆಲಸ. ನಾನು ಸದಸ್ಯನಾಗಿರುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯವರು ಪ್ರಚಾರದ ಹೊಣೆಯನ್ನು ನನಗೆ ಒಪ್ಪಿಸಿದಾಗ ಮೊದಲು ಮನಸ್ಸಿಗೆ ಚುಚ್ಚಿದ ಸಂಗತಿಯೆಂದರೆ, ಗಿರಾಕಿಗಳ ಲಗ್ನಪತ್ರಿಕೆಗೆ ಮೂರು ಸಲ ಪ್ರೂಫ್ ನೋಡುವ ನಾನು ಸಭೆಯ ಕರಪತ್ರವನ್ನು ಶನಿವಾರ ರಾತ್ರಿ ಒಂದೇ ಸಲ ಕಣ್ಣಾಡಿಸಿ ಮುದ್ರಣಕ್ಕೆ ಬಿಡುತ್ತಿದ್ದೆ ಎಂಬುದು. ದೇವರ ಮನೆಯ ಕೆಲಸ, ಹೇಗಿದ್ದರೂ ನಡೆಯುತ್ತದೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅದು ತಪ್ಪು ಎಂದು ನಾನು ಈಗ ಗಟ್ಟಿಯಾಗಿ ನಂಬುತ್ತೇನೆ.

ಮೊದಲ ಕೆಲಸವಾಗಿ ಹಿಂದಿನ ಮೂರು ವರ್ಷಗಳ ಆಮಂತ್ರಣ ಪತ್ರಿಕೆ, ಕಾಣಿಕೆಯ ಲಕೋಟೆ, ಲೆಟರ್‌ಹೆಡ್, ರಸೀದಿ ಪುಸ್ತಕಗಳನ್ನೆಲ್ಲ ಕಚೇರಿಯ ಮೇಜಿನ ಮೇಲೆ ಹರಡಿದೆ. ಸಭೆಯ ಹೆಸರು ಐದು ಬಗೆಯಲ್ಲಿ ಅಚ್ಚಾಗಿತ್ತು: ಒಂದರಲ್ಲಿ ‘ದೇವಾಲಯ’, ಇನ್ನೊಂದರಲ್ಲಿ ‘ಚರ್ಚ್’, ಮತ್ತೊಂದರಲ್ಲಿ ‘ಚರ್ಚು’, ಉಳಿದ ಎರಡರಲ್ಲಿ ಊರಿನ ಹೆಸರೇ ಬೇರೆ ಬೇರೆ ಕಾಗುಣಿತದಲ್ಲಿ. ಸಿ.ಎಸ್.ಐ. ಲಾಂಛನವಂತೂ ಒಂದೆಡೆ ಅಗಲಕ್ಕೆ ಎಳೆದಂತಿತ್ತು, ಇನ್ನೊಂದೆಡೆ ವಾಟ್ಸಾಪಿನಿಂದ ಇಳಿಸಿಕೊಂಡು ಮಸುಕಾಗಿತ್ತು. ತಾವರೆಯ ನಡುವೆ ಶಿಲುಬೆ ಇರುವ ಆ ಲಾಂಛನವು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಎಲ್ಲರೂ ಒಂದಾಗಿರಲೆಂದು ಮಾಡಿದ ಪ್ರಾರ್ಥನೆಯನ್ನು ಹೊತ್ತುಕೊಂಡಿದೆ. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆಯಾದುದರ ಅರ್ಥವೇ ಅದರಲ್ಲಿದೆ. ಅಂಥ ಲಾಂಛನವನ್ನು ಒಂದೊಂದೆಡೆ ಒಂದೊಂದು ಆಕಾರದಲ್ಲಿ ಅಚ್ಚು ಹಾಕಿದ್ದೆವು.

ಅಷ್ಟರಲ್ಲಿ ಬೆಳೆಯನ್ನು ದೇವರಿಗೆ ಕಾಣಿಕೆಯಾಗಿ ತರುವ ಸಭೆಯ ಸುಗ್ಗಿ ಹಬ್ಬ ಬಂತು. ಯುವಕ ಸಂಘದ ಹುಡುಗರು ಉತ್ಸಾಹದಿಂದ ಒಂದು ದೊಡ್ಡ ಬ್ಯಾನರ್ ಮಾಡಿಸಿ ಗೇಟಿಗೆ ಕಟ್ಟಿದರು. ಅದರಲ್ಲಿ ಗೋಧಿಯ ತೆನೆ ಹಿಡಿದು ನಗುವ ವಿದೇಶಿ ಹುಡುಗಿಯೊಬ್ಬಳ ಚಿತ್ರವಿತ್ತು. ಜೋಳದ ತೆನೆ, ಕಡಲೆ ಗಿಡಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಿರಿಯ ತಾಯಿಯೊಬ್ಬರು ಬ್ಯಾನರಿನ ಮುಂದೆ ಬಹಳ ಹೊತ್ತು ನಿಂತು, “ತಮ್ಮಾ, ಈ ಹುಡುಗಿ ಯಾರ ಮಗಳು? ನಮ್ಮ ಸಭಾದಾಗ ಇಕಿನ್ನ ನಾ ನೋಡೇ ಇಲ್ಲಲ್ಲ” ಎಂದು ಕೇಳಿದರು. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಮರುವರ್ಷ ಅದೇ ತಾಯಿಯ ಕೈಗಳನ್ನೂ ಆ ಕೈಗಳಲ್ಲಿದ್ದ ಜೋಳದ ತೆನೆಯನ್ನೂ, ಅವರ ಒಪ್ಪಿಗೆ ಪಡೆದು, ಬೆಳಗಿನ ಬಿಸಿಲಿನಲ್ಲಿ ಫೋಟೋ ತೆಗೆದೆವು. ಅಂದಿನಿಂದ ನಮ್ಮ ಯಾವ ಪತ್ರಿಕೆಯಲ್ಲೂ ಇಂಟರ್‌ನೆಟ್ಟಿನ ಮುಖಗಳಿಲ್ಲ. ಸಂಡೇ ಸ್ಕೂಲಿನ ಮಕ್ಕಳ ಚಿತ್ರ ಹಾಕುವುದಾದರೆ ತಂದೆತಾಯಿಯ ಸಹಿ ಪಡೆಯುತ್ತೇವೆ.

ಅದೇ ಬ್ಯಾನರಿನಲ್ಲಿ ಇನ್ನೂ ದೊಡ್ಡ ತಪ್ಪೊಂದಿತ್ತು. ‘ಕ್ರಿಸ್ತ’ ಎಂಬ ಪದದಲ್ಲಿ ಒತ್ತುಗಳು ಕೆಳಗೆ ಕೂಡದೆ, ಅರ್ಧಾಕ್ಷರಗಳೆಲ್ಲ ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು. ಈ ಕೆಲಸ ಮಾಡುವವರಿಗೆ ಕಾರಣ ಗೊತ್ತಿರಬೇಕು: ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಪಠ್ಯದ ವ್ಯವಸ್ಥೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸದಿದ್ದರೆ, ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಕನ್ನಡ ಹೀಗೆ ಒಡೆಯುತ್ತದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ) ಫಾಂಟಿನಲ್ಲಿ ಟೈಪ್ ಮಾಡಿದ ವಾಕ್ಯವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದು ಬೇರೆಯೇ ತೊಂದರೆ. ಈಗ ಎಲ್ಲವನ್ನೂ ಯುನಿಕೋಡಿನಲ್ಲಿ ಸಿದ್ಧಪಡಿಸುತ್ತೇವೆ. ಶೀರ್ಷಿಕೆಗೆ ಬಾಲೂ ತಮ್ಮ, ಪಠ್ಯಕ್ಕೆ ನೋಟೋ ಸೆರಿಫ್ ಕನ್ನಡ, ಈ ಎರಡೇ ಫಾಂಟುಗಳು. ಎರಡೂ ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲುಗಳ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಗುಡಿಸು ಕೆಳಗಿನ ಒತ್ತಿಗೆ ತಾಗದಿರಲು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರ ಬಿಡುತ್ತೇನೆ.

ಅಕ್ಷರಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕಮಿಟಿಯಲ್ಲಿ ಕೇಳಿದವರಿದ್ದರು. ಅವರಿಗೆ ನಮ್ಮ ಸಭಾಪಾಲಕರಾದ ಅಯ್ಯನವರೇ ಉತ್ತರ ಕೊಟ್ಟರು. 1851ರಲ್ಲಿ ಗುಳೇದಗುಡ್ಡಕ್ಕೆ ಬಂದ ಬಾಸೆಲ್ ಮಿಷನ್ನಿನ ಪರಂಪರೆ ನಮ್ಮದು. ಅದೇ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು, ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಕಿಟೆಲ್ಲರ ನಿಘಂಟು 1894ರಲ್ಲಿ ಬಂತು. ಕನ್ನಡದ ಅಕ್ಷರವನ್ನು ಇಷ್ಟು ಗೌರವಿಸಿದವರ ಹಿಂದೆ ಬಂದ ನಾವು ಕರ್ತನ ಹೆಸರನ್ನೇ ಒಡೆದು ಬರೆಯಬಾರದು ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಬೋರ್ಡಿನ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಗೇಟಿನ ಹಳೆಯ ಬೋರ್ಡು ಎಂಟು ಅಡಿ ಅಗಲವಿದ್ದು, ಅದರಲ್ಲಿ ಸಭೆಯ ಹೆಸರು, ಬೈಬಲ್ ವಾಕ್ಯ, ಸ್ತ್ರೀ ಸಂಘ ಮತ್ತು ಯುವಕ ಸಂಘಗಳ ವೇಳಾಪಟ್ಟಿ, ಪದಾಧಿಕಾರಿಗಳ ಹೆಸರು, ಮೊಬೈಲ್ ಸಂಖ್ಯೆಗಳೆಲ್ಲ ತುಂಬಿದ್ದವು. ಅಕ್ಷರಗಳ ಎತ್ತರ ಎರಡು ಇಂಚು. ಟೇಪು ಹಿಡಿದು ಅಳೆದಾಗ ರಸ್ತೆಯ ಆಚೆ ಬದಿ ಅರವತ್ತು ಅಡಿ ದೂರವಿತ್ತು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಬೇಕೆಂಬುದು ನಮ್ಮ ಕಸುಬಿನ ಲೆಕ್ಕ. ಅಂದರೆ ನಮಗೆ ಆರು ಇಂಚಿನ ಅಕ್ಷರ ಬೇಕಿತ್ತು. ಅಷ್ಟು ದೊಡ್ಡದಾಗಿ ಬರೆದರೆ ಹೆಸರು, ಭಾನುವಾರದ ಆರಾಧನೆಯ ಸಮಯ ಮತ್ತು ‘ಎಲ್ಲರಿಗೂ ಸ್ವಾಗತ’ ಎಂಬ ಮಾತಿನ ಹೊರತು ಬೇರೇನಕ್ಕೂ ಜಾಗವಿರಲಿಲ್ಲ. ಪದಾಧಿಕಾರಿಗಳ ಹೆಸರು ತೆಗೆಯುವ ಮಾತಿಗೆ ಕಮಿಟಿಯ ಎರಡು ಮೀಟಿಂಗುಗಳು ಬಿಸಿಯಾದವು. ಹಬ್ಬದ ಬ್ಯಾನರಿನಲ್ಲಿ ನಮ್ಮ ಫೋಟೋಗಳೂ ಇರಬಾರದು ಎಂದು ನಾನು ಹೇಳಿದಾಗ, ಬೇಸರಗೊಂಡ ಹಿರಿಯರೊಬ್ಬರು ಕೆಲವು ವಾರ ನನ್ನೊಡನೆ ಮಾತಾಡಲಿಲ್ಲ. ಹೊಸ ಬೋರ್ಡು ಹಾಕಿದ ದಿನ ಅವರನ್ನೇ ರಸ್ತೆಯ ಆಚೆ ನಿಲ್ಲಿಸಿ ಓದಿಸಿದೆ. ಕನ್ನಡಕವಿಲ್ಲದೆ ಓದಿದರು.

ಬ್ಯಾನರುಗಳಿಗೆ ನಾವು ಫ್ಲೆಕ್ಸ್ ಬಿಟ್ಟಿದ್ದೇವೆ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದ್ದರೂ ಊರೆಲ್ಲ ಅದೇ ತೂಗುತ್ತಿದೆ. ಕಾನೂನು ಪಾಲಿಸುವುದರಲ್ಲಿ ಸಭೆ ಮುಂದಿರಬೇಕು ಎಂಬುದು ನನ್ನ ಹಟ. ರಬಕವಿ-ಬನಹಟ್ಟಿಯಿಂದ ಬಿಳಿ ಕಾಟನ್ ಬಟ್ಟೆ ತರಿಸಿ, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡು ಮನೆಗಳಿಗೆ ಸುಣ್ಣ ಬಳಿಯುತ್ತಿದ್ದ ಪೇಂಟರ್ ಕಾಕಾ ಒಬ್ಬರಿಂದ ಬರೆಸುತ್ತೇವೆ. ದಿನಾಂಕದ ಜಾಗದಲ್ಲಿ ಬೇರೆ ಬಟ್ಟೆಯ ತುಂಡು ಹೊಲಿಯುವುದರಿಂದ ಅದೇ ಬ್ಯಾನರು ಹಲವು ವರ್ಷ ಬಾಳುತ್ತದೆ.

ಗೂಗಲ್ ಮ್ಯಾಪಿನಲ್ಲಿ ಸ್ಥಳದ ಗುರುತನ್ನೂ ಆರಾಧನೆಯ ಸಮಯವನ್ನೂ ಸರಿಪಡಿಸಿದ್ದು ಅರ್ಧ ದಿನದ ಕೆಲಸ. ಹಣವಿಲ್ಲದೆ ಆಗುವ ಇದನ್ನು ಪ್ರತಿ ಸಭೆಯೂ ಮೊದಲು ಮಾಡಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೆಯ ಓಣಿಗಳ ನೆನಪಿನಲ್ಲೇ ವಿಳಾಸ ಹೇಳುವ ನಮ್ಮ ಊರಿನಲ್ಲಿ ಹೊಸಬರಿಗೆ ದಾರಿ ತೋರುವುದು ಅದೇ.

ಒಂದು ವಿಷಯದಲ್ಲಿ ಮಾತ್ರ ನಾನು ಅಂಗಡಿಯ ಗಿರಾಕಿಯನ್ನೂ ಕಳೆದುಕೊಂಡೆ. ಹೊರಗಿನ ಪ್ರಾರ್ಥನಾ ಕೂಟವೊಂದರವರು ಸಕ್ಕರೆ ಕಾಯಿಲೆ, ಕ್ಯಾನ್ಸರ್ ಖಂಡಿತ ಗುಣವಾಗುತ್ತವೆ ಎಂದು ಕರಪತ್ರ ಅಚ್ಚು ಹಾಕಿಸಲು ಬಂದಿದ್ದರು. ರೋಗಿಗಳಿಗಾಗಿ ಪ್ರಾರ್ಥಿಸುವುದರಲ್ಲಿ ನನಗೆ ಪೂರ್ಣ ನಂಬಿಕೆಯಿದೆ, ನನ್ನ ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ನಾನೇ ಪ್ರಾರ್ಥಿಸಿದ್ದೇನೆ. ಆದರೆ ದೇವರ ಪರವಾಗಿ ಗ್ಯಾರಂಟಿ ಬರೆದುಕೊಡುವ ಅಧಿಕಾರ ಯಾವ ಕರಪತ್ರಕ್ಕೂ ಇಲ್ಲ. ಅದನ್ನು ಓದಿ ಯಾರಾದರೂ ಇನ್ಸುಲಿನ್ ನಿಲ್ಲಿಸಿದರೆ ಅಚ್ಚು ಹಾಕಿದ ಕೈಯೂ ಹೊಣೆಯಾಗುತ್ತದೆ. ಅವರ ಮುಂಗಡವನ್ನು ಮರಳಿಸಿದೆ.

ಹೆಸರಿನ ಒಂದೇ ಕಾಗುಣಿತ, ಲಾಂಛನದ ಮೂಲ ಪ್ರತಿ, ಎರಡು ಫಾಂಟು, ಮೂರು ಬಣ್ಣ, ಇಬ್ಬರು ಪ್ರೂಫ್ ನೋಡಲೇಬೇಕೆಂಬ ನಿಯಮ, ಇವೆಲ್ಲವನ್ನೂ ಎರಡು ಪುಟಗಳಲ್ಲಿ ಬರೆದು ಕಚೇರಿಯ ಅಲ್ಮಾರಿಯ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇನೆ. ಈ ಸಲದ ಕ್ರಿಸ್ಮಸ್ ಪತ್ರಿಕೆಯನ್ನು ನಾನು ಮುಟ್ಟಲಿಲ್ಲ. ಯುವಕ ಸಂಘದ ಹುಡುಗಿಯೊಬ್ಬಳು ಆ ಪುಟಗಳನ್ನು ನೋಡಿಕೊಂಡೇ ಸಿದ್ಧಪಡಿಸಿ, ಪ್ರೂಫ್ ನೋಡಲು ಆ ಬೇಸರಗೊಂಡಿದ್ದ ಹಿರಿಯರ ಮನೆಗೇ ಕೊಂಡೊಯ್ದಳು. ಅವರು ಎರಡು ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ್ದರು.