ಹದ ನೋಡಿ ಹಾಯಿ ಬಿಚ್ಚುವುದು

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಮೂರು ತಾಸಿನಲ್ಲಿ ಪಣಜಿ. ಅಲ್ಲಿ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ 26 ಅಡಿಯ ಹಾಯಿದೋಣಿಯೇ ಎರಡು ಸೀಸನ್ ನನ್ನ ಮನೆ. ಮಾಂಡೋವಿ ಅಂದರೆ ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ. ನಮ್ಮ ಕಡೆ ನೀರಿನ ಮ್ಯಾಲೇ ಮಲಗ್ತೀನಿ ಅಂತ ಅವ್ವನಿಗೆ ಸಮಾಧಾನ ಹೇಳುತ್ತಿದ್ದೆ. ಆಕೆಯ ಮಾತು ಒಂದೇ: "ಊರಿಗೆ ಯಾವಾಗ ಬರ್ತಿ? ತಾರೀಖ ಹೇಳು."

ಮೊದಲ ವರ್ಷ ತಾರೀಖು ಹೇಳಿ ಕೆಟ್ಟೆ.

ಫೆಬ್ರವರಿಯಲ್ಲಿ ಗೆಳೆಯನ ಜೊತೆ ಕಾರವಾರಕ್ಕೆ ಹೋದೆ. ಈ ಕರಾವಳಿಯಲ್ಲಿ ಆಗ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸುತ್ತದೆ. ಹೋಗುವಾಗ ಬೆನ್ನಿಗೆ ಗಾಳಿ, ತಾಸಿಗೆ ಸುಮಾರು 9 ಕಿಲೋಮೀಟರ್. ಸೈಕಲ್ ಇದಕ್ಕಿಂತ ಜೋರು, ಇರಲಿ. ಬರುವಾಗ ಅದೇ ಗಾಳಿ ಮುಖಕ್ಕೆ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗುವುದಿಲ್ಲ. ಎತ್ತಿನಗಾಡಿ ಏರು ಹತ್ತಿದ ಹಾಗೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಹೊರಳಿಸಿಕೊಂಡು ಹೋಗಬೇಕು. ಕಾಕಾನ ಮಗಳ ಮದುವೆಗೆ ಎರಡೇ ದಿನ ಉಳಿದಿತ್ತು. ಕಾಯದೆ ನಡುಮಧ್ಯಾಹ್ನ ಹೊರಟೆವು. ಸಂಜೆ ತಿರುಗಿ ನೋಡಿದರೆ ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಇನ್ನೂ ಅಲ್ಲೇ ಮಿನುಗುತ್ತಿದೆ! ಒಮ್ಮೆ ಹೊರಳಿಸುವಾಗ ಹಾಯಿ ಪಟಪಟ ಬಡಿದು ಮೊಳದುದ್ದ ಹೊಲಿಗೆ ಬಿಚ್ಚಿತು. ಎಂಜಿನ್ ಹಾಕಿಕೊಂಡು, ಕತ್ತಲಲ್ಲಿ ಹೋಗಬಾರದ ಪಾಳೊಳೆಂ ಕೊಲ್ಲಿಗೆ ಹೋಗಿ ಸೇರಿದೆವು. ದೋಣಿ ಗೆಳೆಯನಿಗೆ ಬಿಟ್ಟು ಬಸ್ ಹಿಡಿದೆ. ಊರು ಮುಟ್ಟುವಾಗ ಅಕ್ಷತೆ ಮುಗಿದು ಪಂಕ್ತಿ ಕೂತಿತ್ತು.

ಅಪ್ಪ ಬೈಯಲಿಲ್ಲ. "ಬಿತ್ತೂದಕ್ಕ ತಾರೀಖ ಇಟ್ಟೀವೇನೋ? ಹದ ಬಂದ ಮ್ಯಾಲೆ ಕೂರಿಗಿ ಹೂಡ್ತೀವಿ" ಅಂದ, ಅಷ್ಟೇ.

ಮರುವರ್ಷ ಹಾಗೇ ಮಾಡಿದೆ. ನಸುಕಿನ ನಾಲ್ಕಕ್ಕೆ ನೆಲದ ಕಡೆಯಿಂದ ತಣ್ಣನೆ ಗಾಳಿ ಇಳಿಯುತ್ತದೆ, ತರಗೆಲೆ ಸುಟ್ಟ ಹೊಗೆಯ ವಾಸನೆ ಹೊತ್ತುಕೊಂಡು. ಅದು ಮಗ್ಗುಲಿನ ಗಾಳಿ, ಉತ್ತರಕ್ಕೆ ಹೋಗಲು ಅದೇ ಬೇಕು. ಹೊತ್ತೇರಿದಂತೆ ಸತ್ತುಹೋಗುತ್ತದೆ. ಅಷ್ಟರಲ್ಲಿ ಒಂದು ಕೊಲ್ಲಿ ಸೇರಿ ಲಂಗರು ಬಿಡುತ್ತೇನೆ. ನಾಲ್ಕು ಮೀಟರ್ ಆಳವಿದ್ದರೆ ಇಪ್ಪತ್ತು ಮೀಟರ್ ಸರಪಳಿ. ದಡದ ಒಂದು ತೆಂಗಿನಮರ, ಅದರ ಹಿಂದಿನ ಮನೆ ಸಾಲಾಗಿ ಕಾಣುವುದನ್ನು ಗುರುತು ಮಾಡಿಕೊಳ್ಳುತ್ತೇನೆ. ಸಾಲು ತಪ್ಪಿತೆಂದರೆ ಲಂಗರು ಜಾರುತ್ತಿದೆ. ಅದೇ ಕಾರವಾರದ ದಾರಿ ಮೂರು ನಸುಕಿನಲ್ಲಿ ಮುಗಿಯಿತು. ಗಾಳಿ ಬಾರದ ದಿನ ಹೊರಡುವುದೇ ಇಲ್ಲ, ಸುಮ್ನೆ ಮಲಗುವುದು.

ಹೀಗೆ ಕಾಯಬೇಕಾದರೆ ಹೊಟ್ಟೆಗೆ ಇರಬೇಕಲ್ವಾ? ಲೆಕ್ಕಕ್ಕಿಂತ ನಾಲ್ಕು ದಿನದ ನೀರು ಜಾಸ್ತಿ ಇಡುತ್ತೇನೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್. ಪಾತ್ರೆ ತೊಳೆಯಲು ಸಮುದ್ರದ ನೀರೇ. ಅವ್ವನ ಕಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯ ಬುತ್ತಿ ದೋಣಿಗೆ ಇನ್ನೊಂದಿಲ್ಲ. ಒಂದೇ ತೊಂದರೆ: ಉಪ್ಪುಗಾಳಿ ತಾಗಿದರೆ ಮೂರನೇ ದಿನಕ್ಕೆ ರೊಟ್ಟಿ ಚರ್ಮದ ಹಾಗೆ ಮೆತ್ತಗಾಗುತ್ತದೆ. ಸ್ಟೀಲ್ ಡಬ್ಬಿಗೆ ಒಂದು ಹಿಡಿ ಹುರಿದ ಅಕ್ಕಿಯ ಗಂಟು ಹಾಕಿ ಬಿಗಿಯಾಗಿ ಮುಚ್ಚಿಡಬೇಕು.

ತಪ್ಪಿಸಲಾಗದ ತಾರೀಖು ಒಂದೇ, ಜೂನ್ ಮೊದಲಿಗೆ ಹಿಡಿಯುವ ಮಿರ್ಗದ (ಮೃಗಶಿರಾ) ಮಳೆ. ಅದಕ್ಕೆ ಮುಂಚೆ, ಮೇ 20ರ ಹೊತ್ತಿಗೆ, ದೋಣಿಯನ್ನು ದಡಕ್ಕೆ ಎತ್ತಿಸಿ ಹಾಯಿ ತೊಳೆದು ಒಣಗಿಸಿ ಬೆಳಗಾವಿಗೆ ತರುತ್ತೇನೆ. ಬಿಚ್ಚಿದ ಆ ಹೊಲಿಗೆಯನ್ನು ಇಲ್ಲಿನ ತಾಡಪತ್ರಿ ಹೊಲಿಯುವವರ ಹತ್ತಿರವೇ ಹಾಕಿಸಿದ್ದೆ. ಇನ್ನೂ ಗಟ್ಟಿಯಾಗಿದೆ.